ಮ್ಯಾಕ್ಲೀನ್ ಪೆಟ್ಟಿಗೆ ಕೊಟ್ಟರು, ಡ್ರೈವರ್ ಕಾಯೋದು ತಪ್ಪಲಿಲ್ಲ

ಹಿರಿಯೂರು, ಚಿತ್ರದುರ್ಗ ದಾಟಿ ಹೋಗುವ ರಾಷ್ಟ್ರೀಯ ಹೆದ್ದಾರಿ 48ರಲ್ಲಿ ಹಗಲು ರಾತ್ರಿ ಕಂಟೇನರ್ ಲಾರಿಗಳು ಓಡುತ್ತವೆ. ಒಂದು ಕಡೆ ಮುಂಬೈ ಬಂದರು, ಇನ್ನೊಂದು ಕಡೆ ಚೆನ್ನೈ ಬಂದರು. ಹೊಸದುರ್ಗ, ಹೊಳಲ್ಕೆರೆ ಕಡೆಯ ಲಾರಿಗಳೂ ಇದೇ ರಸ್ತೆಗೆ ಬಂದು ಸೇರುತ್ತವೆ. ಈ ಪೆಟ್ಟಿಗೆಯನ್ನು ಜಗತ್ತಿಗೆಲ್ಲ ಹಬ್ಬಿಸಿದವರು ಹಡಗಿನವರಲ್ಲ, ನಮ್ಮ ಹುಡುಗರ ಹಾಗೇ ಲಾರಿ ಓಡಿಸಿದವರು ಅನ್ನೋದು ನನಗೆ ದೊಡ್ಡ ಮಾತಾಗಿ ಕಾಣುತ್ತದೆ.

ಮಾಲ್ಕಮ್ ಮ್ಯಾಕ್ಲೀನ್ ಹುಟ್ಟಿದ್ದು 1913ರಲ್ಲಿ, ಅಮೆರಿಕದ ನಾರ್ತ್ ಕರೋಲಿನಾದಲ್ಲಿ. ಹೈಸ್ಕೂಲ್ ಮುಗಿಸಿ ಪೆಟ್ರೋಲ್ ಬಂಕ್ ಸೇರಿದರು. 1934ರಲ್ಲಿ ಒಂದು ಹಳೇ ಲಾರಿ ಹಿಡಿದು ಸಾಗಣೆಗೆ ಇಳಿದರು. ಹತ್ತಿ ಮೂಟೆ ಹೇರಿಕೊಂಡು ಬಂದರಿಗೆ ಹೋದಾಗ, ಹಮಾಲರು ಒಂದೊಂದೇ ಮೂಟೆ ಇಳಿಸೋದನ್ನು ನೋಡುತ್ತಾ ದಿನವಿಡೀ ಕಾಯಬೇಕಾಯಿತು, ಆಗಲೇ ಈ ಯೋಚನೆ ಹೊಳೆಯಿತು ಎಂದು ಮುಂದೆ ಅವರೇ ಹೇಳಿಕೊಳ್ಳುತ್ತಿದ್ದರು. ಕತೆ ಎಷ್ಟು ನಿಜವೋ ಅಂತ ಇತಿಹಾಸಕಾರರಿಗೆ ಅನುಮಾನ ಇದೆ. ಕಾಯುವ ಡ್ರೈವರ್‌ನ ಸಂಕಟ ಮಾತ್ರ ಸುಳ್ಳಲ್ಲ.

1955ರಲ್ಲಿ ಲಾರಿ ಕಂಪನಿ ಬಿಟ್ಟು ಹಡಗು ಕಂಪನಿ ಕೊಂಡರು. 1956ರ ಏಪ್ರಿಲ್ 26ರಂದು 'ಐಡಿಯಲ್ ಎಕ್ಸ್' ಎಂಬ ಹಳೇ ಟ್ಯಾಂಕರ್ 58 ಪೆಟ್ಟಿಗೆ ಹೊತ್ತು ನ್ಯೂವಾರ್ಕ್‌ನಿಂದ ಹ್ಯೂಸ್ಟನ್‌ಗೆ ಹೊರಟಿತು. ಟನ್ನಿಗೆ ಸುಮಾರು 6 ಡಾಲರ್ ಇದ್ದ ಹೇರುವ ಖರ್ಚು 16 ಸೆಂಟ್‌ಗೆ ಇಳಿಯಿತು. ಜತೆಗೆ ಬಂದರುಗಳ ಸಾವಿರಾರು ಹಮಾಲರ ಅನ್ನವೂ ಹೋಯಿತು. ಅದನ್ನು ಮರೆತು ಮ್ಯಾಕ್ಲೀನ್‌ರನ್ನು ಹೊಗಳೋದು ನನಗೆ ಆಗದು.

ಅವರ ಎಂಜಿನಿಯರ್ ಕೀತ್ ಟಾಂಟ್ಲಿಂಗರ್ ಪೆಟ್ಟಿಗೆಯ ಮೂಲೆಗಳಿಗೆ ತಿರುಗಿಸುವ ಬೀಗ ಮಾಡಿದರು. ಒಂದರ ಮೇಲೊಂದು ಭದ್ರವಾಗಿ ಪೇರಿಸೋದು ಅದರಿಂದ ಸಾಧ್ಯವಾಯಿತು. ಹೊಸ ತಲೆನೋವು ಶುರುವಾಗಿದ್ದೂ ಅಲ್ಲೇ. ಮಂಡಿಯಲ್ಲಿ ಶೇಂಗಾ ಚೀಲ ಪೇರಿಸಿದವರಿಗೆ ಇದು ಗೊತ್ತು: ಅಡಿಯ ಚೀಲ ಬೇಕೆಂದರೆ ಮೇಲಿನದೆಲ್ಲ ಇಳಿಸಬೇಕು. ಹಡಗಿನಲ್ಲಿ ಭಾರದ ಪೆಟ್ಟಿಗೆ ತಳಕ್ಕೆ ಹೋಗಬೇಕು, ಅಂದರೆ ಅದು ಮೊದಲು ಹತ್ತಬೇಕು. ಹಾಗಾಗಿ ಅಂಗಳದಲ್ಲಿ ಅದೇ ಮೇಲಿರಬೇಕು. ಆದರೆ ಲಾರಿಗಳು ಆ ಕ್ರಮದಲ್ಲಿ ಬರುತ್ತವೆಯೇ? ಯಾವ ಪೆಟ್ಟಿಗೆ ಯಾವಾಗ ಹೋಗುತ್ತದೆ ಎಂದು ಮೊದಲೇ ಗೊತ್ತಿದ್ದರೂ, ಅತಿ ಕಡಿಮೆ ಸಲ ಎತ್ತಿಳಿಸುವ ದಾರಿ ಹುಡುಕೋದು ಕಂಪ್ಯೂಟರಿಗೂ ಕಠಿಣ ಲೆಕ್ಕ. ತೂಕದ ಪ್ರಕಾರ ಗುಂಪು ಮಾಡೋದು, ಲಾರಿಗಳಿಗೆ ಮೊದಲೇ ಸಮಯ ಕೊಡೋದು, ಇಂಥ ಉಪಾಯಗಳ ಮೇಲೆ ಸಂಶೋಧಕರು ದಶಕಗಳಿಂದ ದುಡಿಯುತ್ತಿದ್ದಾರೆ.

ಮ್ಯಾಕ್ಲೀನ್ ಆಮೇಲೆ ಸೋಲನ್ನೂ ಕಂಡರು. ಅವರ 'ಯುನೈಟೆಡ್ ಸ್ಟೇಟ್ಸ್ ಲೈನ್ಸ್' 1986ರಲ್ಲಿ ದಿವಾಳಿ ಎದ್ದಿತು. 2001ರಲ್ಲಿ ತೀರಿಕೊಂಡಾಗ ಕಂಟೇನರ್ ಹಡಗುಗಳು ಸೀಟಿ ಊದಿ ಗೌರವ ಸಲ್ಲಿಸಿದವು.

ಪೇರಿಸುವ ಜಾಣತನವನ್ನು ಸಾಮಾನ್ಯವಾಗಿ ಕ್ರೇನ್ ಎಷ್ಟು ಸಲ ಎತ್ತಿತು ಅನ್ನೋದರ ಮೇಲೆ ಅಳೆಯುತ್ತಾರೆ. ಗೇಟಿನ ಹೊರಗೆ ಡ್ರೈವರ್ ಎಷ್ಟು ಗಂಟೆ ಕಾದ ಅನ್ನೋದನ್ನೂ ಅದೇ ಲೆಕ್ಕಕ್ಕೆ ಸೇರಿಸಬೇಕು. ಕಾದ ಗಂಟೆಗೆ ಅವನಿಗೆ ಕೂಲಿ ಸಿಗಬೇಕು. ಈ ಪೆಟ್ಟಿಗೆಯ ಕತೆ ಶುರುವಾಗಿದ್ದೇ ಕಾದು ಬೇಸತ್ತ ಡ್ರೈವರ್‌ನಿಂದ ಅಲ್ಲವೇ?