ಪ್ರೊ. ಬೀರಬಲ್ ಸಾಹನಿ: ಶಿಲಾಸಸ್ಯಗಳ ವಂಶಶೋಧಕರು

ಕೋಟ್ಯಂತರ ವರ್ಷಗಳ ಹಿಂದೆ ಬಾಳಿ ಅಳಿದ ಸಸ್ಯವು ನಮಗೆ ಇಡಿಯಾಗಿ ದೊರೆಯುವುದು ಅತಿ ವಿರಳ. ಕಾಂಡವೊಂದೆಡೆ, ಎಲೆಯೊಂದೆಡೆ, ಬೀಜವೊಂದೆಡೆ ಕಲ್ಲಾಗಿ ಉಳಿದಿರುತ್ತವೆ. ಆದುದರಿಂದ ಶಾಸ್ತ್ರಜ್ಞರು ಒಂದೊಂದು ತುಣುಕಿಗೂ ಒಂದೊಂದು ಹೆಸರಿಡುತ್ತಾರೆ. ಈ ಚೂರುಗಳಲ್ಲಿ ಯಾವುದು ಯಾವುದಕ್ಕೆ ಸೇರಿದ್ದೆಂದು ನಿರ್ಣಯಿಸಿ, ಸಸ್ಯದ ವಂಶವನ್ನು ಗುರುತಿಸುವ ಕಠಿಣ ವಿದ್ಯೆಗೆ ಭಾರತದಲ್ಲಿ ಭದ್ರ ನೆಲೆ ಕಲ್ಪಿಸಿದ ಮಹನೀಯರು ಪ್ರೊ. ಬೀರಬಲ್ ಸಾಹನಿಯವರು.

ಅವರು 1891ರ ನವೆಂಬರ್ 14ರಂದು ಈಗ ಪಾಕಿಸ್ತಾನದಲ್ಲಿರುವ ಭೇರಾ ಎಂಬ ಊರಿನಲ್ಲಿ ಜನಿಸಿದರು. ತಂದೆ ರುಚಿರಾಮ ಸಾಹನಿಯವರು ಲಾಹೋರಿನಲ್ಲಿ ರಸಾಯನಶಾಸ್ತ್ರದ ಪ್ರಾಧ್ಯಾಪಕರು. ಲಾಹೋರಿನಲ್ಲಿ ಪದವಿ ಪಡೆದ ಬೀರಬಲ್ಲರು 1911ರಲ್ಲಿ ಕೇಂಬ್ರಿಜ್ಜಿಗೆ ತೆರಳಿ, ಎ. ಸಿ. ಸೀವರ್ಡ್ ಎಂಬ ವಿದ್ವಾಂಸರ ಶಿಷ್ಯರಾದರು. ಸ್ವದೇಶಕ್ಕೆ ಮರಳಿ ಬನಾರಸ್ ಮತ್ತು ಲಾಹೋರುಗಳಲ್ಲಿ ಅಲ್ಪಕಾಲ ಬೋಧಿಸಿ, 1921ರಲ್ಲಿ ಲಖನೌ ವಿಶ್ವವಿದ್ಯಾನಿಲಯದ ಸಸ್ಯಶಾಸ್ತ್ರ ಪೀಠವನ್ನು ಅಲಂಕರಿಸಿದರು. 1936ರಲ್ಲಿ ಲಂಡನ್ನಿನ ರಾಯಲ್ ಸೊಸೈಟಿಯ ಸದಸ್ಯತ್ವವು ಅವರಿಗೆ ಸಂದಿತು.

ಈಗಿನ ಝಾರ್ಖಂಡಕ್ಕೆ ಸೇರಿದ ರಾಜಮಹಲ್ ಬೆಟ್ಟಗಳು ಅವರ ಸಾಧನೆಯ ಮುಖ್ಯ ಕ್ಷೇತ್ರ. ಬೇರೆ ಬೇರೆ ಹೆಸರುಗಳಿಂದ ತಿಳಿದಿದ್ದ ಅಲ್ಲಿಯ ಕಾಂಡ, ಎಲೆ, ಹೂವುಗಳು ಒಂದೇ ಸಸ್ಯದ ಅಂಗಗಳೆಂದು 1932ರಲ್ಲಿ ತೋರಿಸಿ, ಆ ಸಸ್ಯಕ್ಕೆ ತಮ್ಮ ಗುರುಗಳ ಗೌರವಾರ್ಥವಾಗಿ ವಿಲಿಯಮ್ಸೋನಿಯಾ ಸೀವರ್ಡಿಯಾನಾ ಎಂದು ನಾಮಕರಣ ಮಾಡಿದರು.

ಇದಕ್ಕಿಂತಲೂ ಜಟಿಲವಾದ ಸಮಸ್ಯೆಯು ನಿಪಾನಿಯಾ ಗ್ರಾಮದ ಶಿಲೆಗಳಲ್ಲಿ ಎದುರಾಯಿತು. ಅಲ್ಲಿಯ ಒಂದು ಕಾಂಡದೊಳಗೆ ಸಾಮಾನ್ಯವಾಗಿ ಐದು ಪ್ರತ್ಯೇಕ ಮರದ ಕಂಬಗಳಿದ್ದವು. ಅದಕ್ಕೆ ಪೆಂಟಾಕ್ಸೈಲಾನ್ ಎಂಬ ಹೆಸರಾಯಿತು. ಅವರ ಶಿಷ್ಯ ಶ್ರೀವಾಸ್ತವರು ಆ ಪ್ರಭೇದಕ್ಕೆ ಸಾಹನಿಯವರ ಹೆಸರನ್ನೇ ಸೇರಿಸಿದರು. ಪಟ್ಟಿಯಂತಹ ಎಲೆಗಳೂ ಹಿಪ್ಪುನೇರಳೆ ಹಣ್ಣನ್ನು ಹೋಲುವ ಬೀಜಗುಚ್ಛಗಳೂ ಅದೇ ಕಲ್ಲಿನಲ್ಲಿ ಬೇರೆ ಬೇರೆಯಾಗಿ ದೊರೆತವು. ಕಲ್ಲನ್ನು ಬೆಳಕು ಹಾಯುವಷ್ಟು ತೆಳುವಾಗಿ ತೇದು ಸೂಕ್ಷ್ಮದರ್ಶಕದಲ್ಲಿ ಪರೀಕ್ಷಿಸಿದ ಸಾಹನಿಯವರು ಇವೆಲ್ಲ ಒಂದೇ ಬಗೆಯ ಸಸ್ಯದ ಭಾಗಗಳೆಂದು ಕಂಡುಕೊಂಡರು.

ಆದರೆ ಅದರ ವಂಶ ಯಾವುದು? ಮರವು ಶಂಕುಧಾರಿ ವೃಕ್ಷಗಳನ್ನು ಹೋಲುತ್ತಿತ್ತು. ಎಲೆಯ ನಾಳಗಳು ಸೈಕಡ್‌ಗಳನ್ನು, ಎಲೆಯ ಸೂಕ್ಷ್ಮರಂಧ್ರಗಳು ಬೆನ್ನೆಟ್ಟೈಟೇಲೀಸ್ ಎಂಬ ಅಳಿದ ಗುಂಪನ್ನು ಹೋಲುತ್ತಿದ್ದವು. ಬೀಜಗುಚ್ಛವು ಯಾವುದನ್ನೂ ಹೋಲುತ್ತಿರಲಿಲ್ಲ. ಯಾವುದೋ ಒಂದು ಹೋಲಿಕೆಯನ್ನು ಹಿಡಿದು ಪರಿಚಿತ ಗುಂಪಿಗೆ ಸೇರಿಸಿಬಿಡುವುದು ಸುಲಭವಾಗಿತ್ತು. ಸಾಹನಿಯವರು ಹಾಗೆ ಮಾಡಲಿಲ್ಲ. 1948ರಲ್ಲಿ ಪೆಂಟಾಕ್ಸೈಲೀ ಎಂಬ ಹೊಸ ಗುಂಪನ್ನೇ ಸ್ಥಾಪಿಸಿದರು. ಆಗ ಜುರಾಸಿಕ್ ಕಾಲದವೆಂದು ಎಣಿಸಿದ್ದ ಆ ಶಿಲೆಗಳು ಕ್ರಿಟೇಷಿಯಸ್ ಯುಗದ ಆದಿಭಾಗದವೆಂದು ಈಗ ತಿಳಿದಿದೆ. ಈ ಗುಂಪಿನ ಅವಶೇಷಗಳು ಆಸ್ಟ್ರೇಲಿಯಾ, ನ್ಯೂಜಿಲೆಂಡುಗಳಲ್ಲಿಯೂ ಸಿಕ್ಕಿವೆ. ಅದರ ಬಂಧುಗಳಾರೆಂಬ ಚರ್ಚೆ ಮುಗಿದಿಲ್ಲ. ಗುಂಪು ಮಾತ್ರ ಉಳಿದಿದೆ.

ಈ ವಿದ್ಯೆ ತಮ್ಮೊಂದಿಗೆ ಮುಗಿಯಬಾರದೆಂಬುದು ಅವರ ಹಂಬಲವಾಗಿತ್ತು. ಸಾಹನಿ ದಂಪತಿಗಳು ತಮ್ಮ ಆಸ್ತಿ, ಗ್ರಂಥಭಂಡಾರ, ಶಿಲಾವಶೇಷಗಳ ಸಂಗ್ರಹವನ್ನು ಧಾರೆಯೆರೆದು 1946ರಲ್ಲಿ ಲಖನೌದಲ್ಲಿ ಪುರಾಸಸ್ಯಶಾಸ್ತ್ರ ಸಂಸ್ಥೆಯನ್ನು ಆರಂಭಿಸಿದರು. 1949ರ ಏಪ್ರಿಲ್ 3ರಂದು ಪ್ರಧಾನಿ ನೆಹರೂ ಅವರು ಅದರ ಕಟ್ಟಡಕ್ಕೆ ಅಸ್ತಿಭಾರ ಹಾಕಿದರು. ಆ ಅಸ್ತಿಭಾರ ಶಿಲೆಯಲ್ಲಿಯೇ ಶಿಲಾವಶೇಷಗಳನ್ನು ಕೂಡಿಸಲಾಗಿತ್ತು. ಒಂದು ವಾರ ಕಳೆಯುವಷ್ಟರಲ್ಲಿ, ಏಪ್ರಿಲ್ 10ರಂದು, ಸಾಹನಿಯವರು ಹೃದಯಾಘಾತದಿಂದ ತೀರಿಕೊಂಡರು.

ಗೋಡೆಗಳು ಏಳುವ ಮೊದಲೇ ಒಡೆಯನಿಲ್ಲದಂತಾದ ಸಂಸ್ಥೆಯ ಹೊಣೆಯನ್ನು ಪತ್ನಿ ಸಾವಿತ್ರಿ ಸಾಹನಿಯವರು ಹೊತ್ತರು. 1953ರಲ್ಲಿ ಕಟ್ಟಡವು ಉದ್ಘಾಟನೆಯಾಯಿತು. ಅದೇ ವರ್ಷ ಶಿಷ್ಯ ವಿಷ್ಣು ಮಿತ್ರೆಯವರು ಆ ಐದು ಕಂಬಗಳ ಸಸ್ಯದ ಗಂಡು ಹೂವೆಂದು ಎಣಿಸಲಾದ ಅಂಗವನ್ನು ವರ್ಣಿಸಿ, ಅದನ್ನು ಸಾಹನಿಯಾ ಎಂದು ಕರೆದರು. ಗುರುವಿನ ಹೆಸರನ್ನು ಒಂದು ಸಸ್ಯಕ್ಕಿತ್ತವರ ಹೆಸರು ಹೀಗೆ ಇನ್ನೊಂದರಲ್ಲಿ ಉಳಿಯಿತು. ಗಳಿಸಿದ್ದನ್ನೆಲ್ಲ ವಿದ್ಯೆಗೆ ಒಪ್ಪಿಸಿದವರ ಕಾರ್ಯವನ್ನು ಅವರ ಶಿಷ್ಯರೂ ಸಂಸ್ಥೆಯೂ ಮುಂದುವರಿಸಿದುದೇ ಆ ಜೀವನದ ಸಾರ್ಥಕತೆ.