ಜಮಖಂಡಿಯಿಂದ ಆಕ್ಸ್‌ಫರ್ಡ್‌ಗೆ: ಮಹರ್ಷಿ ಶಿಂಧೆ ಕಾದ ವರ್ಷಗಳು

ಭಾರತದಲ್ಲಿ ಸಮಾಜಕಾರ್ಯವನ್ನು ಸ್ನಾತಕೋತ್ತರ ಮಟ್ಟದಲ್ಲಿ ಕಲಿಸುವ ಮೊದಲ ಶಾಲೆ ಮುಂಬಯಿಯಲ್ಲಿ ಆರಂಭವಾದದ್ದು 1936ರಲ್ಲಿ. ಅದಕ್ಕೂ ಮೂವತ್ತೈದು ವರ್ಷಗಳ ಮುನ್ನ, ಅಂತಹ ವಿದ್ಯೆಗೊಂದು ಹೆಸರೂ ಇಲ್ಲದಿದ್ದ ಕಾಲದಲ್ಲಿ, ಅದಕ್ಕೆ ತೀರ ಹತ್ತಿರವಾದ ಶಿಕ್ಷಣವನ್ನು ಅರಸಿ ಕೃಷ್ಣಾ ತೀರದ ಸೀಮೆಯಿಂದ ಒಬ್ಬ ಯುವಕ ಕಡಲು ದಾಟಿದರು. ಅಸ್ಪೃಶ್ಯತಾ ನಿವಾರಣೆಯನ್ನೇ ಬಾಳಿನ ಕೆಲಸವನ್ನಾಗಿ ಮಾಡಿಕೊಂಡ ಅವರು ಮಹರ್ಷಿ ವಿಠ್ಠಲ ರಾಮಜಿ ಶಿಂಧೆ. ಮಹಾರಾಷ್ಟ್ರದಲ್ಲಿ ಅವರ ಹೆಸರನ್ನು ಅರಿಯದವರು ವಿರಳ. ಅವರು ಹುಟ್ಟಿದ ನೆಲದಲ್ಲಿ ಅರಿತವರೇ ವಿರಳ ಎಂಬುದು ವಿಷಾದದ ಸಂಗತಿ.

1873ರ ಏಪ್ರಿಲ್ 23ರಂದು ಜಮಖಂಡಿಯಲ್ಲಿ ಅವರ ಜನನವಾಯಿತು. ಜಮಖಂಡಿ ಅಂದು ಪಟವರ್ಧನ ಮನೆತನದ ಆಳ್ವಿಕೆಯಲ್ಲಿದ್ದ ಪುಟ್ಟ ಸಂಸ್ಥಾನ. ನೆರೆಯ ಮುಧೋಳ ಘೋರ್ಪಡೆಯವರ ಸಂಸ್ಥಾನ. ಅದರಾಚೆಗೆ ಬ್ರಿಟಿಷರ ಕಲಾದಗಿ ಜಿಲ್ಲೆ. ತಂದೆ ರಾಮಜಿ ಸಂಸ್ಥಾನದಲ್ಲಿ ನೌಕರಿಯಲ್ಲಿದ್ದರು. ತಾಯಿ ಯಮುನಾಬಾಯಿ. ಮನೆಮಾತು ಮರಾಠಿ, ಊರ ಮಾತು ಕನ್ನಡ. ಪಂಢರಪುರದ ವಿಠೋಬನಿಗೆ ನಡೆದುಕೊಳ್ಳುವ ವಾರಕರಿ ಕುಟುಂಬವಾದ್ದರಿಂದ ಭಜನೆ, ಕೀರ್ತನೆಗಳು ಆ ಮನೆಯ ನಿತ್ಯದ ಉಸಿರಾಗಿದ್ದವು.

ಕೃಷ್ಣೆಯ ದಂಡೆಯ ಗಲಗಲಿಯಂತಹ ಊರುಗಳು ಸಂಸ್ಕೃತ ಪಾಂಡಿತ್ಯಕ್ಕೂ ದಾಸ ಪರಂಪರೆಗೂ ಹೆಸರಾದವು. ಆ ಪಾಂಡಿತ್ಯ ಗುರುಮನೆಗಳ ಒಳಗೆ ಬೆಳೆದದ್ದು. ಮರಾಠಾ ಸಮಾಜದ ಬಡ ನೌಕರನ ಮಗನಿಗೆ ತೆರೆದಿದ್ದ ಬಾಗಿಲು ಒಂದೇ, ಅದು ಸಂಸ್ಥಾನದ ಇಂಗ್ಲಿಷ್ ಶಾಲೆ. ಅಲ್ಲಿಂದ 1891ರಲ್ಲಿ ವಿಠ್ಠಲರಾಯರು ಮೆಟ್ರಿಕ್ ಮುಗಿಸಿದರು. ಅಷ್ಟರಲ್ಲಾಗಲೇ ಅವರು ಗೃಹಸ್ಥರು. ಅಂದಿನ ರೂಢಿಯಂತೆ ಬಾಲ್ಯದಲ್ಲಿಯೇ ರುಕ್ಮಿಣಿಬಾಯಿಯವರೊಡನೆ ವಿವಾಹ ನಡೆದುಹೋಗಿತ್ತು.

ಮೆಟ್ರಿಕ್ ನಂತರದ ಹಾದಿ ಸುಗಮವಾಗಿರಲಿಲ್ಲ. ಕಾಲೇಜು ಎಂದರೆ ಪುಣೆ. ಜಮಖಂಡಿಗೆ ಅಂದು ರೈಲು ಇರಲಿಲ್ಲ. ಅದಕ್ಕಿಂತ ದೊಡ್ಡ ಅಡಚಣೆ ಹಣದ್ದು. ಕೆಲಕಾಲ ಊರಿನಲ್ಲಿಯೇ ಶಿಕ್ಷಕ ವೃತ್ತಿ ಮಾಡಿದರು. ಅವರು ಪುಣೆಯ ಫರ್ಗ್ಯುಸನ್ ಕಾಲೇಜನ್ನು ಸೇರಿದ್ದು 1893ರಲ್ಲಿ. ನಡುವಿನ ಆ ಅವಧಿ ಅವರ ಬಾಳಿನ ಮೊದಲ ದೀರ್ಘ ನಿರೀಕ್ಷೆ. ಹಳ್ಳಿಗಾಡಿನ ಎಷ್ಟೋ ಪ್ರತಿಭೆಗಳು ಇಂತಹ ಒಂದೆರಡು ವರ್ಷಗಳಲ್ಲಿಯೇ ನೌಕರಿಗೆ ಒಗ್ಗಿಕೊಂಡು ಅಲ್ಲಿಯೇ ನಿಂತುಬಿಡುತ್ತವೆ. ಶಿಂಧೆಯವರ ಬಾಳೂ ಸಂಸ್ಥಾನದ ಶಾಲೆಯೊಂದರಲ್ಲಿ ಮುಗಿದುಹೋಗಬಹುದಿತ್ತು.

ಪುಣೆಯಲ್ಲಿ ಗಂಗಾರಾಮಭಾವು ಮ್ಹಸ್ಕೆಯವರ ಡೆಕ್ಕನ್ ಮರಾಠಾ ಎಜುಕೇಶನ್ ಅಸೋಸಿಯೇಶನ್ ತಿಂಗಳಿಗೆ 10 ರೂಪಾಯಿ ನೆರವು ನೀಡಿತು. ಅದು ಸಾಲದಾಯಿತು. ಬಡೋದೆಯ ಮಹಾರಾಜ ಸಯಾಜಿರಾವ್ ಗಾಯಕವಾಡರು ತಿಂಗಳಿಗೆ 25 ರೂಪಾಯಿಯ ವಿದ್ಯಾರ್ಥಿವೇತನ ಮಂಜೂರು ಮಾಡಿದರು. ಓದು ಮುಗಿದ ಬಳಿಕ ಬಡೋದೆ ಸಂಸ್ಥಾನದ ಸೇವೆಗೆ ಬರಬೇಕೆಂಬುದು ಅದರ ಷರತ್ತು. ಕಲಿಯುವ ಮೊದಲೇ ಮುಂದಿನ ಬದುಕನ್ನು ಒತ್ತೆ ಇಡುವ ಕರಾರು ಇದು. ಆದರೂ ಕೈಯಲ್ಲಿ ಬೇರೆ ದಾರಿ ಇಲ್ಲದ ವಿದ್ಯಾರ್ಥಿಗೆ ಒಪ್ಪದೆ ಗತಿಯಿರಲಿಲ್ಲ.

ಕಾಲೇಜಿನ ವರ್ಷಗಳಲ್ಲಿ ಮಿಲ್, ಸ್ಪೆನ್ಸರ್, ಮ್ಯಾಕ್ಸ್ ಮುಲ್ಲರ್ ಅವರ ಗ್ರಂಥಗಳು ಅವರ ಮನಸ್ಸನ್ನು ಕಲಕಿದವು. ವಾರಕರಿ ಮನೆಯ ಭಕ್ತಿಯನ್ನು ಉಳಿಸಿಕೊಂಡೇ ಜಾತಿ, ಕರ್ಮಠತನಗಳಿಂದ ದೂರ ಸರಿಯುವ ಮಾರ್ಗ ಅವರಿಗೆ ಪ್ರಾರ್ಥನಾ ಸಮಾಜದಲ್ಲಿ ಕಂಡಿತು. ರಾನಡೆ, ಭಂಡಾರ್ಕರ್ ಮೊದಲಾದ ಹಿರಿಯರ ಆ ಸಂಸ್ಥೆಯನ್ನು ಅವರು 1898ರಲ್ಲಿ ಸೇರಿದರು. ಅದೇ ವರ್ಷ ಬಿ.ಎ. ಮುಗಿಯಿತು. ಬಳಿಕ ಕಾನೂನು ಓದಿಗಾಗಿ ಮುಂಬಯಿಗೆ ತೆರಳಿದರು. ವಕೀಲಿ ಎಂದರೆ ಅಂದು ಬಡತನದಿಂದ ಪಾರಾಗುವ ನೇರ ದಾರಿ. ಅವರ ಸ್ಥಿತಿಯಲ್ಲಿದ್ದ ಯಾರೂ ಸುಲಭವಾಗಿ ಬಿಡದ ದಾರಿ. ಅವರು ಮೊದಲ ಹಂತದ ಪರೀಕ್ಷೆ ಮುಗಿಸಿ ಅದನ್ನು ಅರ್ಧಕ್ಕೇ ಬಿಟ್ಟರು. ಧರ್ಮಪ್ರಚಾರಕನಾಗುವುದೆಂದು ನಿಶ್ಚಯಿಸಿದರು.

ಈ ನಿಶ್ಚಯದ ಬೆಲೆ ತೆತ್ತವರು ಅವರೊಬ್ಬರೇ ಅಲ್ಲ ಎಂಬುದನ್ನು ಮರೆಯಲಾಗದು. ನಿಗದಿತ ಆದಾಯವಿಲ್ಲದ ಕಾಯಕವನ್ನು ಮನೆಯ ದೊಡ್ಡ ಆಸರೆಯಾಗಬೇಕಿದ್ದ ಮಗ ಆಯ್ದುಕೊಂಡಾಗ ಪತ್ನಿ, ತಂದೆತಾಯಿ, ತಂಗಿಯರ ಬದುಕೂ ಅದರೊಡನೆ ಕಟ್ಟಿಹಾಕಲ್ಪಟ್ಟಿತು. ಸಾಧಕರ ಚರಿತ್ರೆಗಳಲ್ಲಿ ಈ ಲೆಕ್ಕ ಸಾಮಾನ್ಯವಾಗಿ ಅಂಚಿಗೆ ಸರಿದುಬಿಡುತ್ತದೆ.

ಇಂಗ್ಲೆಂಡಿನ ಯುನಿಟೇರಿಯನ್ ಪಂಥದವರು ಕ್ರೈಸ್ತರಲ್ಲಿ ಉದಾರವಾದಿಗಳು. ತ್ರಿಮೂರ್ತಿ ತತ್ತ್ವವನ್ನು ಒಪ್ಪದವರು. ಬ್ರಹ್ಮಸಮಾಜ, ಪ್ರಾರ್ಥನಾ ಸಮಾಜಗಳೊಡನೆ ಅವರಿಗೆ ಸ್ನೇಹವಿತ್ತು. ಭಾರತದಿಂದ ಆಯ್ದ ತರುಣರನ್ನು ಆಕ್ಸ್‌ಫರ್ಡ್‌ನ ಮ್ಯಾಂಚೆಸ್ಟರ್ ಕಾಲೇಜಿನಲ್ಲಿ ಓದಿಸಲು ಅವರು ವಿದ್ಯಾರ್ಥಿವೇತನ ನೀಡುತ್ತಿದ್ದರು. ಅದಕ್ಕೆ ಮುಂಬಯಿಯ ಪ್ರಾರ್ಥನಾ ಸಮಾಜದ ಶಿಫಾರಸಿನೊಡನೆ ಶಿಂಧೆಯವರ ಹೆಸರು ಹೋಯಿತು. ಆ ಕಾಲದಲ್ಲಿ ಮುಂಬಯಿಯ ಅಂಚೆ ಲಂಡನ್ ತಲುಪಲು ಎರಡು ವಾರಗಳಾದರೂ ಬೇಕಿತ್ತು. ಒಂದು ಪ್ರಶ್ನೆಗೆ ಉತ್ತರ ಬರುವುದರೊಳಗೆ ತಿಂಗಳು ಕಳೆಯುತ್ತಿತ್ತು. ಅರ್ಜಿದಾರನಿಗೆ ವಿಚಾರಿಸಲು ಕಚೇರಿಯಿಲ್ಲ, ನೋಡಲು ಪಟ್ಟಿಯಿಲ್ಲ.

ಗಲಗಲಿ, ಬೀಳಗಿ, ಬನಹಟ್ಟಿಗಳ ಪದವೀಧರರು ಇಂದು ಎಂ.ಎಸ್.ಡಬ್ಲ್ಯೂ. ಪ್ರವೇಶಕ್ಕಾಗಿ ಧಾರವಾಡಕ್ಕೋ, ಬೆಳಗಾವಿಗೋ ಅರ್ಜಿ ಹಾಕುತ್ತಾರೆ. ಮುಂಬಯಿಯ ಟಾಟಾ ಸಂಸ್ಥೆಯ ಆಸೆಯಿದ್ದವರು ರಾಷ್ಟ್ರಮಟ್ಟದ ಸಾಮಾನ್ಯ ಪ್ರವೇಶ ಪರೀಕ್ಷೆ ಬರೆದು ತಿಂಗಳುಗಟ್ಟಲೆ ಮೊಬೈಲ್ ಪರದೆಯನ್ನು ದಿಟ್ಟಿಸುತ್ತಾರೆ. ಕಾಯುವಿಕೆಯ ಸಾಧನ ಬದಲಾಗಿದೆ; ಸಂಕಟ ಬಹಳವೇನೂ ಬದಲಾಗಿಲ್ಲ.

ಶಿಂಧೆಯವರು ಈ ಸಂಕಟವನ್ನು ನಿಭಾಯಿಸಿದ ರೀತಿ ಗಮನಾರ್ಹ. ಅವರಿಗೆ ದಿನಚರಿ ಬರೆಯುವ ಅಭ್ಯಾಸವಿತ್ತು; ಆ ಬರಹಗಳು ಅವರ ಕಾಲಾನಂತರ ಪುಸ್ತಕವಾಗಿ ಹೊರಬಂದಿವೆ. ಒಳಗಿನ ತಳಮಳಕ್ಕೆ ಆ ಪುಟಗಳು ಆಶ್ರಯವಾದರೆ, ಹೊರಗಿನ ದಿನಗಳನ್ನು ಪ್ರಾರ್ಥನಾ ಸಮಾಜದ ಕೆಲಸ ತುಂಬಿತು. ಆಯ್ಕೆಯಾದರೆ ಮಾಡಬೇಕಿದ್ದ ಕೆಲಸವನ್ನು ಅವರು ಆಯ್ಕೆಗೆ ಮೊದಲೇ ಆರಂಭಿಸಿದ್ದರು. ಉತ್ತರ ಇಲ್ಲವೆಂದು ಬಂದಿದ್ದರೂ ಆ ದುಡಿಮೆ ವ್ಯರ್ಥವಾಗುತ್ತಿರಲಿಲ್ಲ.

ಉತ್ತರ ಅನುಕೂಲವಾಗಿಯೇ ಬಂತು. ಉಳಿದದ್ದು ಬಡೋದೆಯ ಋಣ. ಸಂಸ್ಥಾನದ ಸೇವೆಯ ಕರಾರಿನಿಂದ ಸಯಾಜಿರಾವ್ ಮಹಾರಾಜರು ಅವರನ್ನು ಬಿಡುಗಡೆ ಮಾಡಿದರು; ಪ್ರಯಾಣದ ವೆಚ್ಚಕ್ಕೂ ನೆರವಾದರು. ಆ ಔದಾರ್ಯವಿಲ್ಲದಿದ್ದರೆ ಆಕ್ಸ್‌ಫರ್ಡ್‌ನ ಒಪ್ಪಿಗೆ ಬರಿಯ ಕಾಗದವಾಗಿ ಉಳಿಯುತ್ತಿತ್ತು. 1901ರ ಸೆಪ್ಟೆಂಬರ್‌ನಲ್ಲಿ ಅವರು ಮುಂಬಯಿಯಿಂದ ಹಡಗು ಹತ್ತಿದರು.

ಮ್ಯಾಂಚೆಸ್ಟರ್ ಕಾಲೇಜಿನಲ್ಲಿ ಅವರ ಮುಖ್ಯ ಅಧ್ಯಯನ ಧರ್ಮಗಳ ತುಲನೆ. ಅಲ್ಲಿನ ಗುರುಗಳಲ್ಲಿ ಪ್ರಮುಖರಾದ ಎಸ್ಟ್ಲಿನ್ ಕಾರ್ಪೆಂಟರ್ ಪಾಲಿ ಭಾಷೆಯ ವಿದ್ವಾಂಸರು. ರೀಸ್ ಡೇವಿಡ್ಸ್ ಅವರೊಡನೆ ದೀಘನಿಕಾಯವನ್ನು ಸಂಪಾದಿಸಿದವರು. ಜಮಖಂಡಿಯ ಯುವಕನಿಗೆ ಬುದ್ಧನ ಮಾತಿನ ಶಾಸ್ತ್ರೀಯ ಪರಿಚಯವಾದದ್ದು ಥೇಮ್ಸ್ ನದಿಯ ದಂಡೆಯಲ್ಲಿ ಎಂಬುದು ಚರಿತ್ರೆಯ ವಿನೋದ. ಪ್ರವಾಸದ ಅನುಭವಗಳನ್ನು ಅವರು ಪತ್ರಗಳ ರೂಪದಲ್ಲಿ ಪ್ರಾರ್ಥನಾ ಸಮಾಜದ ಸುಬೋಧ ಪತ್ರಿಕೆಗೆ ಬರೆದು ಕಳುಹಿಸುತ್ತಿದ್ದರು.

ಇಂಗ್ಲೆಂಡಿನ ನಗರಗಳ ಕೊಳೆಗೇರಿಗಳಲ್ಲಿ ಸುಶಿಕ್ಷಿತರು ನೆಲೆಸಿ ಬಡವರ ನಡುವೆ ದುಡಿಯುವ ಪದ್ಧತಿ ಆಗ ಬೇರೂರುತ್ತಿತ್ತು. ಲಂಡನ್ನಿನ ಪೂರ್ವಭಾಗದಲ್ಲಿ ಟಾಯ್ನ್‌ಬೀ ಹಾಲ್ 1884ರಿಂದಲೇ ನಡೆಯುತ್ತಿತ್ತು. ಸೇವೆಯನ್ನು ಶಾಸ್ತ್ರವಾಗಿ ಕಲಿಸಬೇಕೆಂಬ ವಿಚಾರ 1898ರಲ್ಲಿ ನ್ಯೂಯಾರ್ಕಿನ ಬೇಸಿಗೆ ಶಾಲೆಯಲ್ಲಿ, 1899ರಲ್ಲಿ ಆಮ್‌ಸ್ಟರ್‌ಡ್ಯಾಮ್‌ನ ತರಬೇತಿ ಸಂಸ್ಥೆಯಲ್ಲಿ ರೂಪ ತಳೆದಿತ್ತು. ಅದೇ ಆಮ್‌ಸ್ಟರ್‌ಡ್ಯಾಮ್‌ನಲ್ಲಿ 1903ರ ಸೆಪ್ಟೆಂಬರ್‌ನಲ್ಲಿ ನಡೆದ ಉದಾರಧರ್ಮಗಳ ಅಂತರರಾಷ್ಟ್ರೀಯ ಸಮ್ಮೇಳನದಲ್ಲಿ ಶಿಂಧೆಯವರು ಭಾರತದ ಉದಾರಧರ್ಮವನ್ನು ಕುರಿತು ಪ್ರಬಂಧ ಮಂಡಿಸಿದರು. ಮರುತಿಂಗಳು ಸ್ವದೇಶಕ್ಕೆ ಮರಳಿದರು.

ಆಕ್ಸ್‌ಫರ್ಡ್‌ನಲ್ಲಿ ಓದಿ ಬಂದವರಿಗೆ ಕೆಲಸ ಸಿದ್ಧವಾಗಿ ಕಾದಿತ್ತೆಂದು ಭಾವಿಸಬೇಕಾಗಿಲ್ಲ. ಪ್ರಾರ್ಥನಾ ಸಮಾಜದ ಪ್ರಚಾರಕರಾಗಿ ಮುಂಬಯಿಯಲ್ಲಿ ದುಡಿದರು, ಊರೂರು ಸುತ್ತಿದರು, ಅಸ್ಪೃಶ್ಯರೆನಿಸಿಕೊಂಡವರ ಕೇರಿಗಳಿಗೆ ಹೋಗಿ ಅವರ ಸ್ಥಿತಿಗತಿಯನ್ನು ಅಭ್ಯಸಿಸಿದರು. 1905ರಲ್ಲಿ ಅಹಮದನಗರದ ಬಳಿಯ ಭಿಂಗಾರದಲ್ಲಿ ಆ ಜನರ ಸಭೆಯಲ್ಲಿ ಪಾಲ್ಗೊಂಡದ್ದು ಅವರ ಸಂಕಲ್ಪವನ್ನು ಗಟ್ಟಿಗೊಳಿಸಿತು. ಧರ್ಮಬೋಧೆಗೆ ಹೊರಟವರು ಸಮಾಜಕಾರ್ಯಕರ್ತರಾದದ್ದು ಆಕ್ಸ್‌ಫರ್ಡ್‌ನಲ್ಲಿ ಅಲ್ಲ, ಈ ಮೂರು ವರ್ಷಗಳ ಅಲೆದಾಟದಲ್ಲಿ.

1906ರ ಅಕ್ಟೋಬರ್ 18ರಂದು ಮುಂಬಯಿಯ ಪರಳದಲ್ಲಿ ಒಂದು ಶಾಲೆಯೊಡನೆ ಡಿಪ್ರೆಸ್ಡ್ ಕ್ಲಾಸಸ್ ಮಿಷನ್ ಆರಂಭವಾಯಿತು. ಅಧ್ಯಕ್ಷರಾದವರು ಹೊನ್ನಾವರ ಮೂಲದ ನ್ಯಾಯಮೂರ್ತಿ ನಾರಾಯಣ ಚಂದಾವರ್ಕರ್. ಕಾರ್ಯದರ್ಶಿ ಶಿಂಧೆ. ಶೇಠ್ ದಾಮೋದರದಾಸ ಸುಖಡವಾಲಾ ಸಾವಿರ ರೂಪಾಯಿ ನೀಡಿ ಮೊದಲ ಬಲ ತುಂಬಿದರು. ಶಾಲೆ, ವಸತಿಗೃಹ, ಕೈಕಸುಬಿನ ತರಬೇತಿ, ನಿರಾಶ್ರಿತರ ಸೇವೆ ಹೀಗೆ ಕೆಲಸ ಹರಡಿತು. ತಂಗಿ ಜನಾಬಾಯಿಯವರೂ ಅಣ್ಣನೊಡನೆ ಟೊಂಕ ಕಟ್ಟಿ ನಿಂತರು. ಮಿಷನ್ನಿನ ಶಾಖೆ ಹುಬ್ಬಳ್ಳಿಯಲ್ಲಿಯೂ ತೆರೆಯಿತು. ಈ ಮಾದರಿಯ ಕೆಲಸ ಕನ್ನಡ ನಾಡಿಗೆ ಹೊಸದಲ್ಲ. ಮಂಗಳೂರಿನಲ್ಲಿ ಕುದ್ಮುಲ್ ರಂಗರಾಯರು 1897ರಲ್ಲಿಯೇ ಇಂತಹ ಮಿಷನ್ ಸ್ಥಾಪಿಸಿದ್ದರು. ಶಿಂಧೆಯವರ ಹೆಗ್ಗಳಿಕೆ ಅದನ್ನು ಹಲವು ಪ್ರಾಂತಗಳಿಗೆ ಹಬ್ಬಿದ ಸಂಘಟನೆಯನ್ನಾಗಿ ಬೆಳೆಸಿದ್ದರಲ್ಲಿದೆ.

1910ರಲ್ಲಿ ಪ್ರಾರ್ಥನಾ ಸಮಾಜದ ಪ್ರಚಾರಕ ಸ್ಥಾನದಿಂದ ಅವರು ಹೊರಬಂದರು. ಅಲ್ಲಿಂದ ಮುಂದೆ ಪುಣೆಯೇ ಕಾರ್ಯಕ್ಷೇತ್ರ. ಅಲ್ಲಿನ ಅಹಲ್ಯಾಶ್ರಮ ಅವರ ದುಡಿಮೆಯ ಫಲ. 1917ರ ಕಲಕತ್ತಾ ಕಾಂಗ್ರೆಸ್ ಅಧಿವೇಶನ ಅಸ್ಪೃಶ್ಯತೆಯ ವಿರುದ್ಧ ನಿರ್ಣಯ ಅಂಗೀಕರಿಸುವುದರ ಹಿಂದೆ ಅವರ ಸತತ ಪ್ರಯತ್ನವಿತ್ತು.

ಆದರೆ ಯಾರಿಗಾಗಿ ದುಡಿದರೋ ಆ ಸಮುದಾಯದ ಹೊಸ ನಾಯಕತ್ವಕ್ಕೆ ಅವರ ಮಾರ್ಗ ಸಮ್ಮತವಾಗಲಿಲ್ಲ. ರಾಜಕೀಯ ಪ್ರಾತಿನಿಧ್ಯದ ಪ್ರಶ್ನೆಯಲ್ಲಿ ಅವರಿಗೂ ಡಾ. ಅಂಬೇಡ್ಕರರಿಗೂ ಭಿನ್ನಾಭಿಪ್ರಾಯ ಮೂಡಿತು. ಮೇಲುಜಾತಿಯವರು ನಡೆಸುವ ಸೇವೆ ಎಷ್ಟೇ ಪ್ರಾಮಾಣಿಕವಾಗಿದ್ದರೂ ಹಕ್ಕಿಗೆ ಬದಲಿಯಾಗದೆಂಬ ಅರಿವು ಆ ನಾಯಕತ್ವದ್ದು, ಅದು ನ್ಯಾಯವಾದದ್ದೇ. ಶಿಂಧೆಯವರಿಗೂ ಇದರ ಅರಿವು ಇಲ್ಲದಿರಲಿಲ್ಲ. 1923ರಲ್ಲಿ ಮಿಷನ್ನಿನ ಆಡಳಿತವನ್ನು ಆ ಸಮುದಾಯದವರ ಕೈಗೇ ಒಪ್ಪಿಸಿ ಅವರು ಹೊರಗೆ ಸರಿದರು. ಸ್ವತಃ ಕಟ್ಟಿದ ಸಂಸ್ಥೆಯಿಂದ ಹೀಗೆ ಸರಿದವರು ಎಲ್ಲ ಕಾಲದಲ್ಲಿಯೂ ಕೆಲವರೇ.

1924ರಲ್ಲಿ ಮಂಗಳೂರಿನ ಬ್ರಹ್ಮಸಮಾಜದಲ್ಲಿ ಕೆಲಕಾಲ ಸೇವೆ ಸಲ್ಲಿಸಿದರು. 1930ರ ಕಾನೂನುಭಂಗ ಚಳವಳಿಯಲ್ಲಿ, ಐವತ್ತೇಳರ ಪ್ರಾಯದಲ್ಲಿ, ಯರವಡಾ ಸೆರೆಮನೆ ಕಂಡರು. ಭಾರತದ ಅಸ್ಪೃಶ್ಯತೆಯ ಪ್ರಶ್ನೆಯನ್ನು ಕುರಿತ ಅವರ ಮರಾಠಿ ಗ್ರಂಥ 1933ರಲ್ಲಿ ಪ್ರಕಟವಾಯಿತು. ಕನ್ನಡ ಮತ್ತು ಮರಾಠಿ ಭಾಷೆಗಳ ಸಂಬಂಧವನ್ನು ಕುರಿತೂ ಅವರು ಬರೆದಿದ್ದಾರೆ. ಎರಡು ನುಡಿಗಳ ನಡುವೆ ಬೆಳೆದ ಜಮಖಂಡಿಯ ಮಗನಿಗೆ ಇದು ಸಹಜ ಆಸಕ್ತಿಯೇ ಸರಿ.

1944ರ ಜನವರಿ 2ರಂದು ಅವರು ಪುಣೆಯಲ್ಲಿ ನಿಧನರಾದರು. ಅಮೆರಿಕದ ಕ್ಲಿಫರ್ಡ್ ಮ್ಯಾನ್ಶಾರ್ಟ್ ಅವರ ನೇತೃತ್ವದಲ್ಲಿ 1936ರಲ್ಲಿ ತೆರೆದಿದ್ದ ದೊರಾಬ್ಜಿ ಟಾಟಾ ಸಮಾಜಕಾರ್ಯ ಶಾಲೆ ಟಾಟಾ ಸಮಾಜವಿಜ್ಞಾನ ಸಂಸ್ಥೆಯೆಂದು ಹೆಸರು ಬದಲಿಸಿಕೊಂಡದ್ದು ಅದೇ 1944ರಲ್ಲಿ. ಹುಬ್ಬಳ್ಳಿಯಲ್ಲಿ ಜನಿಸಿದ ಎಂ.ಎಸ್. ಗೋರೆ 1962ರಿಂದ ಇಪ್ಪತ್ತು ವರ್ಷ ಆ ಸಂಸ್ಥೆಯ ನಿರ್ದೇಶಕರಾಗಿದ್ದರು. ದೇಶದ ಸಮಾಜಕಾರ್ಯ ಶಿಕ್ಷಣಕ್ಕೆ ರೂಪ ಕೊಟ್ಟವರಲ್ಲಿ ಪ್ರಮುಖರಾದ ಅವರು ಶಿಂಧೆಯವರ ಕೊಡುಗೆಯ ಮೌಲ್ಯಮಾಪನಕ್ಕಾಗಿಯೇ ಒಂದು ಪುಸ್ತಕ ಬರೆದರು. ಅದನ್ನು 1990ರಲ್ಲಿ ಪ್ರಕಟಿಸಿದ್ದು ಅದೇ ಟಾಟಾ ಸಂಸ್ಥೆ. ಗೋ.ಮಾ. ಪವಾರ್ ಅವರು ಮರಾಠಿಯಲ್ಲಿ ರಚಿಸಿದ ಶಿಂಧೆಯವರ ಜೀವನಚರಿತ್ರೆಗೆ 2007ರ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಸಂದಿದೆ.