ದೇವರಾಯಸಮುದ್ರದ ಕೆ. ವಿ. ಅಯ್ಯರ್: ಗರಡಿಯಿಂದ ಅಂಚೆಗೆ, ಅಂಚೆಯಿಂದ ರಂಗಕ್ಕೆ



ಈಗ ಒಬ್ಬ ಆಟಗಾರ ನಿವೃತ್ತನಾದರೆ ಮುಂದೇನು ಎಂದು ಯಾರೂ ತಲೆ ಕೆಡಿಸಿಕೊಳ್ಳುವುದಿಲ್ಲ. ಒಂದಷ್ಟು ದಿನ ಹುಡುಗರಿಗೆ ತರಬೇತಿ ಕೊಡುತ್ತಾರೆ, ಆಮೇಲೆ ಮೈಕು ಹಿಡಿದು ಟೀವಿಯಲ್ಲಿ ಆಟದ ವಿವರಣೆ ಹೇಳುತ್ತಾರೆ. ದಾರಿ ಸಿದ್ಧವಾಗಿದೆ. ಆದರೆ ಟೀವಿ ಇಲ್ಲದಿದ್ದಾಗ, ನಮ್ಮ ಕಡೆ ರೇಡಿಯೊ ಕೂಡ ಇನ್ನೂ ಕಣ್ಣು ಬಿಡುತ್ತಿದ್ದಾಗ, ಮೈಕಟ್ಟನ್ನೇ ನಂಬಿ ಹೆಸರು ಮಾಡಿದ ಮನುಷ್ಯನಿಗೆ ಪ್ರಾಯ ಇಳಿದ ಮೇಲೆ ಏನು ಗತಿ? ಈ ಪ್ರಶ್ನೆಗೆ ತಾವೇ ದಾರಿ ಕಡಿದುಕೊಂಡವರು ನಮ್ಮಂತೆಯೇ ಗಡಿಸೀಮೆಯವರು. ಕೋಲಾರ ಜಿಲ್ಲೆಯ ಮುಳಬಾಗಿಲು ತಾಲ್ಲೂಕಿನ ದೇವರಾಯಸಮುದ್ರದಲ್ಲಿ 1897ರ ಜನವರಿಯಲ್ಲಿ ಹುಟ್ಟಿದ ಕೋಲಾರ ವೆಂಕಟೇಶ ಅಯ್ಯರ್, ಅಂದರೆ ಕೆ. ವಿ. ಅಯ್ಯರ್. ಕನ್ನಡ, ತೆಲುಗು, ತಮಿಳು ಮೂರೂ ಕಿವಿಗೆ ಬೀಳುವ ಸೀಮೆ ಅದು. ನಂಗವಳ್ಳಿ, ಧರ್ಮಪುರಿ, ಹೊಸೂರಿನಲ್ಲಿ ಬೆಳೆದ ನಮಗೆ ಅದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಅವರ ಕಾಲದಲ್ಲಿ ವ್ಯಾಯಾಮವೆಂದರೆ ಗರಡಿಮನೆ. ಕೆಮ್ಮಣ್ಣು, ದಂಡ, ಬಸ್ಕಿ, ಗದೆ, ಗೋಡೆಯ ಮೇಲೊಂದು ಹನುಮಂತನ ಪಟ. ಓದುಬರಹ ಕಲಿತ ಮನೆಯವರು ಅದನ್ನು ಪೈಲ್ವಾನರ ಪಾಡಿಗೆ ಬಿಟ್ಟಿದ್ದರು. ಇನ್ನೊಂದು ಕಡೆ ಯುರೋಪಿನ ಯೂಜೆನ್ ಸ್ಯಾಂಡೋ 1904-05ರಲ್ಲಿ ಹಿಂದೂಸ್ಥಾನಕ್ಕೆ ಬಂದು ಮೈಕಟ್ಟು ತೋರಿಸಿ ಹೋಗಿದ್ದ. ಡಂಬೆಲ್ಲು, ಬಾರ್‌ಬೆಲ್ಲುಗಳ ಗೀಳು ಪಟ್ಟಣದ ಹುಡುಗರಿಗೆ ಹತ್ತಿತ್ತು. ಅಯ್ಯರ್ ಎರಡನ್ನೂ ಕಲಿತರು, ಎರಡರಲ್ಲೂ ನಿಲ್ಲಲಿಲ್ಲ. ಕಬ್ಬಿಣ ಎತ್ತುವುದರ ಜತೆಗೆ ಹಠಯೋಗದ ಆಸನಗಳನ್ನೂ ಸೂರ್ಯನಮಸ್ಕಾರವನ್ನೂ ಸೇರಿಸಿ ತಮ್ಮದೇ ಒಂದು ಪದ್ಧತಿ ಕಟ್ಟಿದರು. ಇಂದು ಯೋಗವೂ ಜಿಮ್ಮೂ ಒಂದೇ ಕಟ್ಟಡದಲ್ಲಿ ನಡೆಯುವುದನ್ನು ನೋಡಿ ಇದು ಹೊರದೇಶದ ಫ್ಯಾಷನ್ ಎನ್ನುವವರು ನಮ್ಮಲ್ಲಿ ಇದ್ದಾರೆ. ನೂರು ವರ್ಷಗಳ ಹಿಂದೆಯೇ ಬೆಂಗಳೂರಿನಲ್ಲಿ ಇದು ನಡೆದಿತ್ತು ಎಂದು ಅವರಿಗೆ ತಿಳಿಸಬಹುದು.

ಅವರ ಭಾವಚಿತ್ರಗಳು ಇಂಗ್ಲೆಂಡಿನ ವ್ಯಾಯಾಮ ಪತ್ರಿಕೆಗಳಲ್ಲಿ ಅಚ್ಚಾದವು. ಗ್ರೀಕ್ ವಿಗ್ರಹದಂತೆ ನಿಂತ ಆ ಚಿತ್ರಗಳನ್ನು ಈಗ ನೋಡಿದರೂ ಕಣ್ಣು ಕೀಳಲಾಗುವುದಿಲ್ಲ. ತಮ್ಮ ಮೈಕಟ್ಟಿನ ಬಗ್ಗೆ ಅವರಿಗೆ ಹೆಮ್ಮೆ ಇತ್ತು, ಅದನ್ನು ಮುಚ್ಚಿಡುವ ಸ್ವಭಾವವೂ ಅವರದಲ್ಲ. ಸಂಕೋಚವೇ ಸಭ್ಯತೆ ಎಂದುಕೊಂಡ ನಾಡಿನಲ್ಲಿ ಹಾಗೆ ನಿಲ್ಲುವುದಕ್ಕೂ ಒಂದು ಧೈರ್ಯ ಬೇಕಿತ್ತು ಎಂದು ನಮಗೆ ತೋರುತ್ತದೆ.

ಆದರೆ ಚಿತ್ರಕ್ಕೆ ನಿಲ್ಲುವುದು ಎಷ್ಟು ವರ್ಷ? ಅಯ್ಯರ್ ಬಹಳ ಬೇಗ ಮೇಷ್ಟ್ರಾದರು. ಬೆಂಗಳೂರಿನಲ್ಲಿ ಅವರು ನಡೆಸಿದ ಹರ್ಕ್ಯುಲಿಸ್ ಜಿಮ್ನೇಷಿಯಂ ಜಾಗದಿಂದ ಜಾಗಕ್ಕೆ ಓಡಾಡಿ, ಕೊನೆಗೆ ಜೆ. ಸಿ. ರಸ್ತೆಯಲ್ಲಿ ವ್ಯಾಯಾಮಶಾಲೆಯಾಗಿ ನೆಲೆ ನಿಂತಿತು. ಅದಕ್ಕೆ ನೆರವಾದವರು ನಾಲ್ವಡಿ ಕೃಷ್ಣರಾಜ ಒಡೆಯರು. ಅನಾರೋಗ್ಯದಲ್ಲಿದ್ದ ಮಹಾರಾಜರಿಗೆ ಅಯ್ಯರ್ ಹೇಳಿಕೊಟ್ಟ ವ್ಯಾಯಾಮದಿಂದ ಗುಣ ಕಂಡಿತ್ತು, ಕಟ್ಟಡಕ್ಕೆ ಅರಮನೆಯ ಕೈ ನೀಡಿತು. ಮೈಸೂರಿನ ಜಗನ್ಮೋಹನ ಅರಮನೆಯಲ್ಲಿ ತಿರುಮಲೈ ಕೃಷ್ಣಮಾಚಾರ್ಯರು ಯೋಗಶಾಲೆ ನಡೆಸುತ್ತಿದ್ದಾಗ, ಪಕ್ಕದಲ್ಲೇ ಅಯ್ಯರ್ ಅವರ ಶಿಷ್ಯರೊಬ್ಬರು ಹುಡುಗರಿಗೆ ಮೈ ಬೆಳೆಸುವುದನ್ನು ಕಲಿಸುತ್ತಿದ್ದರು.

ಇದಿಷ್ಟೇ ಆಗಿದ್ದರೆ ಅವರು ಒಂದು ಊರಿನ ಉಸ್ತಾದರಾಗಿ ಉಳಿಯುತ್ತಿದ್ದರು. ಅವರ ನಿಜವಾದ ಜಾಣ್ಮೆ ಅಂಚೆಯಲ್ಲಿತ್ತು. ಗರಡಿಗೆ ಬರಲಾಗದವರಿಗೆ ಗರಡಿಯನ್ನೇ ಲಕೋಟೆಯಲ್ಲಿಟ್ಟು ಕಳಿಸಿದರು. ಏನು ಮಾಡಬೇಕು, ಹೇಗೆ ಮಾಡಬೇಕು ಎಂಬ ಪಾಠ ಟಪ್ಪಾಲಿನಲ್ಲಿ ಹೋಗುತ್ತಿತ್ತು. ಮನೆಯಲ್ಲೇ ಕೂತ ಗುಮಾಸ್ತರೂ ವಿದ್ಯಾರ್ಥಿಗಳೂ ಕದ ಹಾಕಿಕೊಂಡು ಬಸ್ಕಿ ಹೊಡೆದರು. ಅಂಚೆಯ ಮೂಲಕ ಅಂಗಸಾಧನೆ ಎಂಬ ಈ ಕೆಲಸದ ಮೇಲೆಯೇ 1942ರಲ್ಲಿ ಅವರ ಇಂಗ್ಲಿಷ್ ಪುಸ್ತಕ ಬಂತು. ಅದಕ್ಕೂ ಮೊದಲು 1930ರಲ್ಲಿ ಮಸಲ್ ಕಲ್ಟ್, 1936ರಲ್ಲಿ ಪರ್ಫೆಕ್ಟ್ ಫಿಸೀಕ್, 1937ರಲ್ಲಿ ಸೂರ್ಯನಮಸ್ಕಾರದ ಪುಸ್ತಕ ಬಂದಿದ್ದವು. ಯೋಗಾಚಾರ್ಯ ಸುಂದರಂ ಅವರೊಡನೆ ಸೇರಿ ಉಪನ್ಯಾಸ, ಪ್ರಾತ್ಯಕ್ಷಿಕೆಗಳನ್ನೂ ನಡೆಸಿದರು. ಇಂದಿನವರು ಮೊಬೈಲಿನಲ್ಲಿ ವಿಡಿಯೊ ಹಾಕುತ್ತಾರೆ, ಅಯ್ಯರ್ ಅಂಚೆಚೀಟಿ ಅಂಟಿಸಿದರು. ನಮ್ಮ ಕಣ್ಣಿಗೆ ಅವರದೂ ಒಂದು ಪ್ರಸಾರವೇ.

ಶಿಷ್ಯರಲ್ಲಿ ಹೆಚ್ಚು ಹೆಸರಾದವರು ಮುಂಬಯಿಯ ರಮೇಶ್ ಬಾಲ್ಸೇಕರ್. ಹುಡುಗನಾಗಿದ್ದಾಗ ಅಯ್ಯರ್ ಪದ್ಧತಿಯಲ್ಲಿ ಮೈ ಕಟ್ಟಿದ ಅವರು ಮುಂದೆ ಬ್ಯಾಂಕ್ ಆಫ್ ಇಂಡಿಯಾದ ಉನ್ನತ ಹುದ್ದೆಗೇರಿ, ನಿವೃತ್ತರಾದ ಮೇಲೆ ಅದ್ವೈತದ ಗುರುಗಳಾದರು. ಮೈಯಿಂದ ಶುರುವಾಗಿ ಮೈಯೇ ನಾನಲ್ಲ ಎನ್ನುವಲ್ಲಿಗೆ ಹೋದ ಶಿಷ್ಯ!

ಈಗ ಕೈಲಾಸಂ ಮಾತು. ಟಿ. ಪಿ. ಕೈಲಾಸಂ ಮತ್ತು ಅಯ್ಯರ್ ಅವರ ಗೆಳೆತನ ಕನ್ನಡ ರಂಗಭೂಮಿಯ ದೊಡ್ಡ ಭಾಗ್ಯ. ಲಂಡನ್ನಿನಲ್ಲಿ ಭೂವಿಜ್ಞಾನ ಓದಿ ಬಂದು, ಸರ್ಕಾರಿ ನೌಕರಿ ಬಿಟ್ಟು, ಒಂದೆಡೆ ನಿಲ್ಲದೆ ಅಲೆದ ಕೈಲಾಸಂ ನಾಟಕಗಳನ್ನು ಬರೆಯುವುದಕ್ಕಿಂತ ಬಾಯಲ್ಲಿ ಆಡಿ ತೋರಿಸುತ್ತಿದ್ದುದೇ ಹೆಚ್ಚು. ಕೂತು ಬರೆದುಕೊಳ್ಳುವ ಗೆಳೆಯರು ಸಿಕ್ಕಿದ್ದರಿಂದ ಎಷ್ಟೋ ನಾಟಕ ನಮಗೆ ಉಳಿದಿವೆ. ಒಬ್ಬರದು ಅಳತೆ ತಪ್ಪದ ಊಟ, ನಿದ್ದೆ, ಸಾಧನೆ. ಇನ್ನೊಬ್ಬರದು ಹೊತ್ತು ಗೊತ್ತಿಲ್ಲದ ಬದುಕು, ಕೈಯಲ್ಲಿ ಸದಾ ಸಿಗರೇಟು. ಹೀಗಿದ್ದೂ ಅಯ್ಯರ್ ತಮ್ಮ ಗೆಳೆಯನನ್ನು ತಿದ್ದಲಾರದೆ, ಬಿಡಲಾರದೆ ಪ್ರೀತಿಸಿದರು. 1946ರಲ್ಲಿ ಕೈಲಾಸಂ ತೀರಿಕೊಂಡ ಮೇಲೆ ಅವರು ಬರೆದ ಕೈಲಾಸಂ ಸ್ಮರಣೆಯನ್ನು ಓದಿದವರಿಗೆ ಇದು ಗೊತ್ತು. ಲೋಕಕ್ಕೆಲ್ಲ ಆರೋಗ್ಯ ಹಂಚಿದವರಿಗೆ ತಮ್ಮ ಪ್ರಾಣಮಿತ್ರನ ಆರೋಗ್ಯ ಉಳಿಸಿಕೊಳ್ಳಲಾಗಲಿಲ್ಲ.

ರಂಗದ ಹುಚ್ಚು ಅಯ್ಯರ್ ಅವರನ್ನು ಬಿಡಲಿಲ್ಲ. ರವಿ ಕಲಾವಿದರು ಎಂಬ ತಂಡ ಕಟ್ಟಿದರು.

ಮಧ್ಯವಯಸ್ಸು ದಾಟಿದ ಮೇಲೆ ಕಾದಂಬರಿ ಬರೆಯಲು ಕೂತರು. ಶಾಂತಲಾ ಹೊಯ್ಸಳ ವಿಷ್ಣುವರ್ಧನನ ರಾಣಿಯ ಕಥೆ. ನಮ್ಮ ಸೀಮೆಗೂ ಆ ಕಾಲಕ್ಕೂ ನಂಟಿದೆ: ವಿಷ್ಣುವರ್ಧನನ ದಂಡನಾಯಕ ಗಂಗರಾಜ ತಲಕಾಡಿನಲ್ಲಿ ಸೋಲಿಸಿದ ಚೋಳರ ಸಾಮಂತ ಅದಿಯಮ ತಗಡೂರಿನ ಮನೆತನದ ಹೆಸರು ಹೊತ್ತವನು. ತಗಡೂರೆಂದರೆ ಇಂದಿನ ಧರ್ಮಪುರಿ. ಇನ್ನೊಂದು ಕಾದಂಬರಿ ರೂಪದರ್ಶಿ. ಇಟಲಿಯ ಕಲಾವಿದನೊಬ್ಬ ಬಾಲ ಯೇಸುವಿನ ಚಿತ್ರಕ್ಕಾಗಿ ಮುದ್ದಾದ ಮಗುವೊಂದನ್ನು ಹುಡುಕಿ ಎದುರು ಕೂರಿಸಿಕೊಳ್ಳುತ್ತಾನೆ. ಎಷ್ಟೋ ವರ್ಷದ ಮೇಲೆ, ಯೇಸುವಿಗೆ ದ್ರೋಹ ಬಗೆದ ಜುದಾಸನನ್ನು ಬರೆಯಲು ಕ್ರೂರ ಮುಖ ಬೇಕಾಗುತ್ತದೆ. ಸಿಕ್ಕವನು ಅದೇ ಹುಡುಗ, ಬೆಳೆದು ಕೆಟ್ಟವನು.

ನಮಗೆ ಶಾಂತಲೆಗಿಂತ ಇದೇ ಹತ್ತಿರ. ಇದನ್ನು ಬರೆದವರು ಬರಿಯ ಕಥೆಗಾರರಲ್ಲ. ಕ್ಯಾಮೆರಾ ಮುಂದೆ ಸ್ವತಃ ರೂಪದರ್ಶಿಯಾಗಿ ನಿಂತವರು, ನೂರಾರು ಹುಡುಗರ ಭುಜ, ಬೆನ್ನು, ಮುಖ ದಿನವೂ ನೋಡಿದವರು. ಕಟ್ಟಿದ ಮೈ ಹೇಗೆ ಕರಗುತ್ತದೆ, ಚೆಲುವಾದ ಮುಖ ಹೇಗೆ ಕೆಡುತ್ತದೆ ಎಂದು ಅವರಿಗಿಂತ ಚೆನ್ನಾಗಿ ಯಾರು ಬಲ್ಲರು?

1980ರ ಜನವರಿಯಲ್ಲಿ, ಎಂಬತ್ತಮೂರರ ಹೊಸ್ತಿಲಲ್ಲಿ ಅಯ್ಯರ್ ತೀರಿಕೊಂಡರು. ಸದಸ್ಯರ ಮನೆಗಳಲ್ಲಿ ಶಾಂತಲಾ, ರೂಪದರ್ಶಿ, ಕೈಲಾಸಂ ಸ್ಮರಣೆಯ ಹಳೆಯ ಪ್ರತಿಗಳಿದ್ದರೆ ಮುಂದಿನ ಸಭೆಗೆ ದಯವಿಟ್ಟು ತನ್ನಿ. ರೂಪದರ್ಶಿಯ ಕೊನೆಯ ಭಾಗವನ್ನು ಅಂದು ಒಟ್ಟಿಗೆ ಓದೋಣ. ಅಜ್ಜನ ಪೆಟ್ಟಿಗೆಯಲ್ಲಿ ಅಯ್ಯರ್ ಅವರ ಅಂಚೆಪಾಠದ ಹಾಳೆ ಒಂದಾದರೂ ಸಿಕ್ಕರೆ ಅದನ್ನೂ ತನ್ನಿ, ನೋಡಿ ಹಾಗೆಯೇ ಹಿಂತಿರುಗಿಸುತ್ತೇವೆ.